ಬಾತುಕೋಳಿ ಹಾರಸ್ತಿದ್ದಾಕಿ ನಾನ!

ಈ ಸಲ ಪಂಚಮಿಗೆ ತವರಮನಿಗೆ ಹೋದಾಗ ವೈನಿ ಅಟ್ಟ ಸ್ವಚ್ಛ ಮಾಡಲಿಕ್ಕೆ ಹತ್ತಿದ್ದರು. ಹಳೇ ಪಾತೇಲಿ, ತೊಟ್ಟಿಲ ಹಗ್ಗದ ನಡುವ ಒಂದು ಚೀಲ ಸಿಕ್ಕಿತು. ಒಳಗ ನಮ್ಮ ವಿಡಿಯೋ ಗೇಮು! ಒಂದು ರಿಮೋಟು, ಪ್ಲಾಸ್ಟಿಕ್ ಬಂದೂಕು, ಹಳದಿ ಕ್ಯಾಸೆಟ್ಟು. ನಿಮ್ಮ ಮನ್ಯಾಗೂ ಇದ್ದಿರಬೇಕು ನೋಡ್ರಿ, 90ರ ದಶಕದಾಗ ಬ್ಯಾಸಗಿ ಸೂಟಿ ಅಂದ್ರ ಇದ ಆಗಿತ್ತು.

ಖರೇ ಅಂದ್ರ ಅದು ಜಪಾನಿನ ನಿಂಟೆಂಡೊ ಕಂಪನಿ 1983ರಾಗ ತಂದ ಫ್ಯಾಮಿಕಾಮ್ ಅನ್ನೋ ಯಂತ್ರದ ನಕಲು. ಆ ನಿಂಟೆಂಡೊ 1889ರಾಗ ಕ್ಯೋಟೋದಾಗ ಹೂವಿನ ಚಿತ್ರದ ಇಸ್ಪೀಟ್ ಎಲಿ ಮಾಡಿ ಶುರುವಾದದ್ದು. (ಇಸ್ಪೀಟ್ ಮುಟ್ಟಿದ್ರ ಕೈ ಮುರೀತೀನಿ ಅಂತಿದ್ದ ನಮ್ಮಪ್ಪನ ಇದನ್ನ ತಂದುಕೊಟ್ಟಿದ್ದರು!) ಕ್ಯಾಸೆಟ್ಟಿನ ಮ್ಯಾಲೆ 9999 ಆಟ ಅಂತ ಬರದಿತ್ತು. ಎಣಿಸಿದ್ರ ಅವ ನಾಕೈದು ಆಟ, ತಿರುಗಿ ತಿರುಗಿ.

ಅದರಾಗಿನ ಬಾತುಕೋಳಿ ಹೊಡಿಯೋ ಆಟದ ಹೆಸರು ಡಕ್ ಹಂಟ್, 1984ರದು. ಬಂದೂಕು ಯಾವಾಗಲೂ ಅಣ್ಣನ ಕೈಯಾಗ. 'ನೀ ರಿಮೋಟ್ ಹಿಡ್ಕೊಂಡು ಸುಮ್ನ ಕೂಡು' ಅಂತಿದ್ದ. ನಾ ಸುಮ್ನ ಕೂಡದ ಬಾಣದ ಗುಂಡಿ ಒತ್ತುತಿದ್ದೆ. ನಾ ಒತ್ತಿದ ಕಡೇನ ಬಾತುಕೋಳಿ ತಿರುಗಿದಂಗ ಕಾಣತಿತ್ತು. ಹಂಗಂತ ಹೇಳಿದ್ರ ಎಲ್ಲಾರೂ ನಕ್ಕರು. ಅವ್ವನೂ 'ಹುಚ್ಚಿ' ಅಂದ್ಲು. ಕಡೀಗೆ ನಾನೂ ಅದು ನನ್ನ ಭ್ರಮೆ ಅಂತ ನಂಬಿಬಿಟ್ಟೆ.

ಈಗ ಹೊಸ ಟಿವಿಗೆ ಹಚ್ಚಿದ್ವಿ. ಆಟ ಬಂತು, ಆದ್ರ ಬಂದೂಕು ಒಂದೂ ತಾಗವಲ್ಲದು. 'ಕೆಟ್ಟದ ಬಿಡು ಅತ್ಯಾ' ಅಂದ ಅಣ್ಣನ ಮಗ. ಯಾಕ ಅಂತ ನಾ ಹುಡುಕಿ ಓದಿದೆ. ಆ ಬಂದೂಕಿನಿಂದ ಏನೂ ಹೊರಗ ಬರೂದಿಲ್ಲಂತ್ರಿ! ಅದರಾಗ ಬೆಳಕು ನೋಡೋ ಒಂದು ಕಣ್ಣು ಅದ, ಅಷ್ಟ. ಕುದುರಿ ಎಳದ ಕೂಡಲೇ ಕಣ್ಣು ಪಿಳುಕಿಸೋದ್ರಾಗ ಪರದೆ ಕಪ್ಪಾಗಿ, ಬಾತುಕೋಳಿ ಇದ್ದಲ್ಲೆ ಒಂದು ಬಿಳೇ ಚೌಕ ಮೂಡತದ. ಬಂದೂಕಿಗೆ ಆ ಬಿಳುಪು ಕಂಡ್ರ ಕೋಳಿ ಬಿತ್ತು. ಹಳೇ ಡಬ್ಬಿ ಟಿವಿ ಚಿತ್ರಾನ ಗೆರಿ ಗೆರಿಯಾಗಿ ಆ ಕ್ಷಣಕ್ಕ ಬರೀತದ. ಈ ಚಪ್ಪಟೆ ಟಿವಿ ಒಂದು ಚೂರು ತಡ ಮಾಡತದ, ಬಂದೂಕು ಕಪ್ಪನ್ನ ನೋಡಿ ಸುಮ್ನಾಗತದ.

ಹಿಂಗ ಓದಕೋತ ಹೋದಾಗ ಇನ್ನೊಂದು ಮಾತು ಸಿಕ್ಕಿತು. ಒಂದ ಬಾತುಕೋಳಿ ಬರೋ ಆಟದಾಗ, ಬಂದೂಕು ಒಬ್ಬರ ಕೈಯಾಗಿದ್ರ, ರಿಮೋಟು ಹಿಡದ ಇನ್ನೊಬ್ಬರು ಆ ಕೋಳೀನ ಬೇಕಾದ ಕಡೆ ಹಾರಿಸಬಹುದು. ಮಾಡಿದವರ ಹಂಗ ಮಾಡಿ ಇಟ್ಟಾರ. ನನಗ ಒಮ್ಮೆ ನಗು ಬಂತು, ಒಮ್ಮೆ ಸಿಟ್ಟು ಬಂತು. ಮೂವತ್ತು ವರ್ಷ ಹುಚ್ಚಿ ಅನಿಸ್ಕೊಂಡಿದ್ದೆನಲ್ಲಾ.

ಬಾಜೂ ಮನಿ ಅಜ್ಜಿ ಕಡೆ ಇನ್ನೂ ಡಬ್ಬಿ ಟಿವಿ ಇತ್ತು. ಅಲ್ಲೇ ಹಚ್ಚಿದ್ವಿ. ಅಣ್ಣಗ ನಾ ಏನೂ ಹೇಳಲಿಲ್ಲ. ಒಂದು ಕೋಳಿಗೆ ಮೂರು ಗುಂಡು. ಮೂರೂ ಹುಸಿ ಹೋದವು. ಹುಲ್ಲಿನಾಗಿಂದ ಆ ನಾಯಿ ಎದ್ದು ಕಿಸಿಕಿಸಿ ನಕ್ಕಿತು. ಎರಡನೇದೂ ಹಾರಿ ಹೋತು, ಮೂರನೇದೂ. ಅಣ್ಣ ಬಂದೂಕು ಇಳಿಸಿ ನನ್ನ ಕೈ ನೋಡಿದ.

'ಆವಾಗೂ ನೀನ ಏನ?' ಅಂದ.

ನಾ ಗುಂಡಿ ಮ್ಯಾಲಿನ ಬೆರಳು ತಗೀಲಿಲ್ಲ. ವೈನಿ ಮಾತ್ರ ಅವನ ಕೈಯಾಗಿನ ಬಂದೂಕು ಕಸ್ಕೊಂಡು, 'ಸರೀರಿ, ನಾ ಹೊಡೀತೀನಿ' ಅಂತ ಸೆರಗು ಸಿಗಿಸಿ ಕೂತರು.