ಕ್ಯಾಮೆರಾ ಯಾರದ್ದು? - ಒಂದು 'ಪರ್ಮಿಶನ್ ಡಿನೈಡ್' ಹಿಂದಿನ ಕಥೆ

ಮೂರ್ನಾಲ್ಕು ತಿಂಗಳ ಹಿಂದಿನ ಮಾತು. ನಮ್ಮ ಆಫೀಸಿನ ಲ್ಯಾಬಿನಲ್ಲಿರೋ ಒಂದು ಲಿನಕ್ಸ್ ಮಶೀನಿಗೆ ಹಳೇ ಡಿಜಿಟಲ್ ಕ್ಯಾಮೆರಾ ಒಂದನ್ನ ಯುಎಸ್‌ಬಿ ಕೇಬಲ್‌ನಲ್ಲಿ ಸಿಕ್ಕಿಸಿದ್ವಿ. ಸರ್ಕ್ಯೂಟ್ ಬೋರ್ಡಿನ ಮೇಲಿನ ದೀಪಗಳು ಸರಿಯಾಗಿ ಹತ್ತುತ್ತಾ ಅಂತ ಫೋಟೋ ತೆಗೆದು ನೋಡೋದು ಉದ್ದೇಶ. ಅದನ್ನ ಬಳಸೋದು ಹೇಗೆ ಅಂತ ಒಂದು ಪುಟ ಬರೆದಿಡೋ ಕೆಲಸ ನನ್ನ ತಲೆಗೆ ಬಿತ್ತು. ರೂಟ್ ಆಗಿ ಓಡಿಸಿದ್ರೆ ಫೋಟೋ ಬರುತ್ತೆ, ನನ್ನ ಹೆಸರಲ್ಲಿ ಓಡಿಸಿದ್ರೆ 'ಪರ್ಮಿಶನ್ ಡಿನೈಡ್'. ಎಲ್ಲರೂ ಮಾಡೋದನ್ನೇ ನಾನೂ ಮಾಡಿದೆ: ಆ ಫೈಲಿಗೆ 666 ಅಂತ ಕೊಟ್ಟು, ಅಂದ್ರೆ ಯಾರು ಬೇಕಾದ್ರೂ ಓದಿ ಬರೀಬಹುದು ಅಂತ ಮಾಡಿ, ಅದನ್ನೇ ಪುಟದಲ್ಲೂ ಬರೆದು ಕೈ ತೊಳ್ಕೊಂಡೆ.

ಪುಟ ಓದಿದ ಸೀನಿಯರ್ ಒಬ್ಬರು ಕೇಳಿದ್ದು ಒಂದೇ ಪ್ರಶ್ನೆ. "ಈ ಮಶೀನಿಗೆ ಎಷ್ಟು ಜನ ಲಾಗಿನ್ ಆಗ್ತಾರಪ್ಪ?"

ಎಣಿಸಿದೆ. ಮೂವತ್ತೆಂಟು ಜನ, ಎಲ್ಲರೂ ದೂರದಿಂದ, ಎಸ್‌ಎಸ್‌ಎಚ್ ಮೂಲಕ. ಕ್ಯಾಮೆರಾ ಮುಖ ಮಾಡಿದ್ದು ಬೋರ್ಡಿನ ಕಡೆಗೇ, ನಿಜ. ಆದರೆ ಬೋರ್ಡಿನ ಹಿಂದೆ ದಿನವಿಡೀ ಕೂತು ಕೆಲಸ ಮಾಡ್ತಿದ್ದವರು ನಮ್ಮದೇ ಟೀಮಿನ ಇಬ್ಬರು. ಅವರ ಫೋಟೋ ಯಾರು ಬೇಕಾದ್ರೂ ತೆಗೀಬಹುದಿತ್ತು, ಅವರಿಗೆ ಗೊತ್ತೂ ಆಗ್ತಿರಲಿಲ್ಲ. ನನಗೆ ಅವತ್ತು ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. ಎದ್ದು ಕೂತು ಈ ಅನುಮತಿಯ ಇತಿಹಾಸ ಓದೋಕೆ ಶುರು ಮಾಡಿದೆ.

ಯುನಿಕ್ಸ್ ಹುಟ್ಟಿದ್ದು 1969ರಲ್ಲಿ, ಬೆಲ್ ಲ್ಯಾಬ್ಸ್‌ನಲ್ಲಿ. ದುಬಾರಿ ಯಂತ್ರ ಒಂದು, ಬಳಸೋರು ಹಲವರು. ಟೇಪು, ಪ್ರಿಂಟರ್ ಎಲ್ಲವೂ ಅಲ್ಲಿ ಫೈಲುಗಳೇ. ಪ್ರತಿ ಫೈಲಿಗೂ ಒಡೆಯ, ಗುಂಪು, ಉಳಿದವರು ಅಂತ ಮೂರು ಥರದ ಜನ. ಯಂತ್ರಕ್ಕೆ ಅಂಟಿಕೊಂಡ ಸಾಧನಗಳು ದೇವಸ್ಥಾನದ ಪಾತ್ರೆಪಗಡದ ಹಾಗೆ: ಊರಿಗೆಲ್ಲ ಸೇರಿದ್ದು, ಬೀಗದಕೈ ಮಾತ್ರ ಒಬ್ಬರ ಹತ್ರ. ಆ ಒಬ್ಬರೇ ರೂಟ್. ಈ ಏರ್ಪಾಡು ಬಹಳ ವರ್ಷ ಚೆನ್ನಾಗೇ ನಡೀತು.

1996ರಲ್ಲಿ ಯುಎಸ್‌ಬಿ ಬಂತು ನೋಡಿ, ಲೆಕ್ಕ ತಪ್ಪಿತು. ಕ್ಯಾಮೆರಾ ಯಂತ್ರದ್ದಲ್ಲ, ಜೇಬಿನಲ್ಲಿ ತಂದವರದ್ದು. ಈಗ ಸಿಕ್ಕಿಸ್ತಾರೆ, ಇನ್ನರ್ಧ ಗಂಟೆಗೆ ಕಿತ್ಕೊಂಡು ಹೋಗ್ತಾರೆ. ಅಂಥದ್ದಕ್ಕೆ ಒಡೆಯ ಅಂತ ಯಾರ ಹೆಸರು ಬರೆಯೋದು?

2001ರ ಜನವರಿಯಲ್ಲಿ ಬಂದ ಲಿನಕ್ಸ್ 2.4ರಲ್ಲಿ ಇದಕ್ಕೆ ಉತ್ತರ "ರೂಟ್" ಅಂತಲೇ ಇತ್ತು. ಕೆಲವು ಕ್ಯಾಮೆರಾಗಳು ಸುಮ್ನೆ ಒಂದು ಡಿಸ್ಕಿನ ಹಾಗೆ ಕಾಣಿಸ್ಕೋತಿದ್ವು, ಅವುಗಳ ದಾರಿ ಬೇರೆ. ಉಳಿದವಕ್ಕೆ ಜಿಫೋಟೋ ಅನ್ನೋ ತಂತ್ರಾಂಶ ನೇರವಾಗಿ ಯುಎಸ್‌ಬಿಯಲ್ಲೇ ಮಾತಾಡಬೇಕಿತ್ತು. ಪ್ರತಿ ಸಾಧನಕ್ಕೂ ಪ್ರೋಕ್ ಡೈರೆಕ್ಟರಿಯೊಳಗೆ 001ರ ಕೆಳಗೆ 004 ಅನ್ನೋ ಥರ ಒಂದು ಫೈಲು. ಕಿತ್ತು ಮತ್ತೆ ಹಾಕಿದ್ರೆ ಅದೇ ಕ್ಯಾಮೆರಾ 005 ಆಗಿರುತ್ತೆ! ಕೈಯಾರೆ ಕೊಟ್ಟ ಅನುಮತಿ ಹಳೇ ಫೈಲಿನ ಜೊತೆಗೇ ಮಾಯ. (ನನ್ನ 666 ಕೂಡ ಮರುದಿನ ಯಾರೋ ಕೇಬಲ್ ಎಳೆದಾಗ ಹೀಗೇ ಹೋಯ್ತು. ಅದೊಂದು ಪುಣ್ಯ :-) )

ಹಾಗಾಗಿ ಕ್ಯಾಮೆರಾ ಬಂದ ತಕ್ಷಣ ಕರ್ನೆಲ್ಲೇ ಹಾಟ್‌ಪ್ಲಗ್ ಅನ್ನೋ ಸ್ಕ್ರಿಪ್ಟನ್ನ ಎಬ್ಬಿಸಿ, ಅದು ಅನುಮತಿ ಬದಲಿಸೋ ವ್ಯವಸ್ಥೆ ಆಯ್ತು. ಜಿಫೋಟೋದವರು ತಮಗೆ ಗೊತ್ತಿರೋ ಕ್ಯಾಮೆರಾಗಳ ಪಟ್ಟಿಯ ಜೊತೆಗೆ ಅಂಥ ಸ್ಕ್ರಿಪ್ಟನ್ನೂ ಕೊಡ್ತಿದ್ರು. ನನಗೆ ಕುತೂಹಲ ಹುಟ್ಟಿಸಿದ್ದು ಏನಂದ್ರೆ, ಸ್ಕ್ರಿಪ್ಟು ಒಂದೇ ಅಲ್ಲ. ಒಂದು ಗುಂಪನ್ನ ನಂಬೋದು, ಇನ್ನೊಂದು ಕನ್ಸೋಲನ್ನ ನಂಬೋದು. ಅಂದ್ರೆ ಅದನ್ನ ಬರೆದವರಿಗೇ "ಕ್ಯಾಮೆರಾ ಯಾರದ್ದು" ಅನ್ನೋದಕ್ಕೆ ಒಂದೇ ಉತ್ತರ ಇರಲಿಲ್ಲ.

ಗುಂಪಿನ ದಾರಿ ಸರಳ. 'ಕ್ಯಾಮೆರಾ' ಅಂತಲೋ, ಡೆಬಿಯನ್‌ನಲ್ಲಿರೋ ಹಾಗೆ 'ಪ್ಲಗ್‌ಡೆವ್' ಅಂತಲೋ ಒಂದು ಗುಂಪು, ಬೇಕಾದವರನ್ನ ಅದಕ್ಕೆ ಸೇರಿಸೋದು. (ಸೇರಿಸಿದ ಮೇಲೆ ಲಾಗೌಟ್ ಮಾಡಿ ಮತ್ತೆ ಒಳಗೆ ಬರಬೇಕು. ಇದು ಗೊತ್ತಿಲ್ಲದೆ ಎಷ್ಟು ಜನ ತಲೆ ಚಚ್ಕೊಂಡಿದ್ದಾರೋ!) ತೊಂದರೆ ಏನಪ್ಪ ಅಂದ್ರೆ, ನೀವು ಯಂತ್ರದ ಮುಂದೆ ಕೂತಿದ್ದೀರೋ, ಇನ್ನೆಲ್ಲೋ ಇದ್ದೀರೋ ಅಂತ ಗುಂಪು ಕೇಳೋದಿಲ್ಲ. ನಾನು ಕ್ಯಾಮೆರಾ ಸಿಕ್ಕಿಸಿದ್ರೆ ಗುಂಪಿನಲ್ಲಿರೋ ನೀವು ದೂರದಿಂದಲೇ ನನ್ನ ಫೋಟೋ ನೋಡಬಹುದು.

ರೆಡ್ ಹ್ಯಾಟ್‌ನವರದ್ದು ಕನ್ಸೋಲ್ ದಾರಿ. ಯಂತ್ರದ ಮುಂದೆ ಯಾರು ಮೊದಲು ಲಾಗಿನ್ ಆದರೋ ಅವರನ್ನೇ ಒಡೆಯರನ್ನಾಗಿ ಮಾಡಿಬಿಡೋದು. ಮನೆಯ ಕಂಪ್ಯೂಟರಿಗೆ ಇದು ಸರಿ ಅನ್ಸುತ್ತೆ. ಆದರೆ ಒಬ್ಬರು ಎದ್ದು ಹೋಗದೆ ಇನ್ನೊಬ್ಬರು ಲಾಗಿನ್ ಆದ್ರೆ? ಅಷ್ಟೇ ಅಲ್ಲ, ಯುನಿಕ್ಸ್ ಅನುಮತಿ ನೋಡೋದು ಫೈಲು ತೆರೆಯುವಾಗ ಮಾತ್ರ. ಮೊದಲೇ ತೆರೆದಿಟ್ಟುಕೊಂಡ ಪ್ರೋಗ್ರಾಮಿನಿಂದ ಆಮೇಲೆ ಕಿತ್ಕೊಳ್ಳೋಕೆ ಆಗೋದಿಲ್ಲ.

2003ರಲ್ಲಿ ಗ್ರೆಗ್ ಕ್ರೋಹ್-ಹಾರ್ಟ್‌ಮನ್ ಯುಡೆವ್ ತಂದರು. ಸ್ಕ್ರಿಪ್ಟಿನ ಜಾಗಕ್ಕೆ ಕ್ರಮೇಣ ಒಂದು ಸಾಲಿನ ನಿಯಮಗಳು ಬಂದವು: ತಯಾರಕರ ಸಂಖ್ಯೆ 04ಎ9 (ಕ್ಯಾನನ್) ಇದ್ದರೆ ಇಂಥ ಗುಂಪು, ಇಂಥ ಅನುಮತಿ. ಬರೆಯೋದು ಸುಲಭ ಆಯ್ತು, ನಕಲು ಹೊಡೆಯೋದು ಇನ್ನೂ ಸುಲಭ ಆಯ್ತು. ಅನುಮತಿಯ ಜಾಗದಲ್ಲಿ 0666 ಅಂತ ಬರೆದ ಸಾಲುಗಳು ಅಂತರ್ಜಾಲದ ತುಂಬ ಇವತ್ತಿಗೂ ಸಿಗ್ತವೆ. ಬರೆದವರ ಮನೆಯಲ್ಲಿ ಒಬ್ಬರೇ ಇದ್ದಿರಬಹುದು, ಓದಿದವರ ಯಂತ್ರದಲ್ಲಿ ಮೂವತ್ತೆಂಟು ಜನ!

ಈಗ ಬಹುತೇಕ ಲಿನಕ್ಸ್‌ಗಳಲ್ಲಿ ಇರೋದು ಕನ್ಸೋಲ್ ದಾರಿಯ ಸುಧಾರಿಸಿದ ರೂಪ. 2010ರಲ್ಲಿ ಶುರುವಾದ ಸಿಸ್ಟಮ್‌ಡಿಯ ಭಾಗವಾದ ಲಾಗಿನ್‌ಡಿ, ಪರದೆಯ ಮುಂದೆ ಸದ್ಯ ಯಾರಿದ್ದಾರೆ ಅಂತ ನೋಡ್ಕೊಂಡು, ಒಡೆಯನನ್ನ ಬದಲಿಸದೆ ಅವರೊಬ್ಬರ ಹೆಸರನ್ನ ಮಾತ್ರ ಫೈಲಿನ ಅನುಮತಿಗೆ ಸೇರಿಸುತ್ತೆ, ಇನ್ನೊಬ್ಬರು ಕೂತಾಗ ತೆಗೆಯುತ್ತೆ. ಫೈಲಿನ ಅನುಮತಿಯ ಕೊನೆಯಲ್ಲಿ ಒಂದು ಪುಟ್ಟ + ಗುರುತು ಕಂಡರೆ ಅದು ಇದೇ. ಇದಕ್ಕೆ ಯುಡೆವ್ ನಿಯಮದಲ್ಲಿ 'ಯುಆಕ್ಸೆಸ್' ಅನ್ನೋ ಪಟ್ಟಿ ಹಚ್ಚಬೇಕು. ಒಂದು ಸೂಕ್ಷ್ಮ: ಆ ನಿಯಮದ ಫೈಲಿನ ಸಂಖ್ಯೆ 73ಕ್ಕಿಂತ ಮೊದಲಿರಬೇಕು, ಯಾಕಂದ್ರೆ ಪಟ್ಟಿಯನ್ನ ಓದಿ ಕೆಲಸ ಮಾಡೋ ಫೈಲು 73ರಲ್ಲಿದೆ. ಅಭ್ಯಾಸಬಲದಿಂದ 99 ಅಂತ ಹೆಸರಿಟ್ಟರೆ ದೋಷವೂ ತೋರಿಸೋದಿಲ್ಲ, ಕೆಲಸವೂ ಮಾಡೋದಿಲ್ಲ. ಇದಕ್ಕೆ ನನ್ನ ಒಂದು ಭಾನುವಾರ ಹೋಯ್ತು.

ಓಪನ್‌ಬಿಎಸ್‌ಡಿಯವರು ಇನ್ನೂ ಒಂದು ಹೆಜ್ಜೆ ಮುಂದೆ. 2018ರಲ್ಲಿ ಮೈಕಿಗೆ, ಆಮೇಲೆ ವೆಬ್‌ಕ್ಯಾಮಿಗೆ ಕರ್ನೆಲ್‌ನಲ್ಲೇ ಒಂದು ಸ್ವಿಚ್ ಇಟ್ಟರು. ಅದು ಆಫ್ ಇದ್ದಷ್ಟು ಹೊತ್ತು ಅನುಮತಿ ಇದ್ದವರಿಗೂ ಖಾಲಿ ಮಾಹಿತಿಯೇ. ಮೊದಲಿಗೆ ಅದು ಆಫ್ ಆಗೇ ಇರುತ್ತೆ.

ಇರಲಿ, ನಮ್ಮ ಲ್ಯಾಬಿಗೆ ಬರ್ತೀನಿ. ಇಷ್ಟೆಲ್ಲ ಓದಿ ಹೊಸ ದಾರಿಯನ್ನೇ ಹಾಕೋಣ ಅಂತ ಹೋದೆ. ಹಾಕಿದ ಮೇಲೆ ಹೊಳೀತು, ನಮ್ಮ ಮಶೀನಿಗೆ ಪರದೆಯೇ ಇಲ್ಲ! ಮುಂದೆ ಕೂರೋರು ಯಾರೂ ಇಲ್ಲ, ಹಾಗಾಗಿ ಯಾರಿಗೂ ಅನುಮತಿ ಸಿಗಲಿಲ್ಲ. ಕೊನೆಗೆ ಹಳೇ ಗುಂಪಿಗೇ ಶರಣು: ಹೊಸದೊಂದು ಗುಂಪು ಮಾಡಿ, ನಿಜಕ್ಕೂ ಪರೀಕ್ಷೆ ನಡೆಸೋ ನಾಲ್ಕೇ ಜನರನ್ನ ಸೇರಿಸಿ, 0660 ಅಂತ ನಿಯಮ ಬರೆದೆ. ಪುಟವನ್ನೂ ತಿದ್ದಿದೆ, 666 ಯಾಕೆ ಕೂಡದು ಅಂತ ಕಾರಣ ಸಮೇತ. ಬೋರ್ಡಿನ ಹಿಂದೆ ಕೂರ್ತಿದ್ದ ಇಬ್ಬರಿಗೂ ನಡೆದದ್ದನ್ನ ಹೇಳಿದೆ. ಒಬ್ಬರು ನಕ್ಕರು. ಇನ್ನೊಬ್ಬರು ನಗಲಿಲ್ಲ, ಎದ್ದು ಹೋಗಿ ಲೆನ್ಸಿಗೆ ಮುಚ್ಚಳ ಹಾಕಿ ಬಂದರು. ಈಗ ಪುಟದ ಕೊನೇ ಸಾಲು ಅವರೇ ಸೇರಿಸಿದ್ದು: "ಫೋಟೋ ತೆಗೆದಾದ ಮೇಲೆ ಮುಚ್ಚಳ ಹಾಕಿ."