ಸಿಂಹದ ಮರಿ, ಮರಗಪ್ಪೆ ಮತ್ತು ಕ್ಯಾಲ್ಸಿಯಂ ಲೆಕ್ಕ

ಸಿಡ್ನಿಯಲ್ಲಿರೋ ಗೆಳೆಯ ಮೊನ್ನೆ ಒಂದು ವಿಡಿಯೋ ಕಳಿಸಿದ್ದ. ಅವನು ಸಾಕಿರೋ ಹಸಿರು ಮರಗಪ್ಪೆಯ ಕೆಳದವಡೆ ಜೋತುಬಿದ್ದಿದೆ, ಕಾಲು ನಡುಗ್ತಿದೆ. "ಹೊಟ್ಟೆ ತುಂಬ ಚಿಮ್ಮಂಡೆ ಹುಳ ಹಾಕ್ತೀನಲ್ಲೋ" ಅಂದ.

ನನಗೆ ನೆನಪಾದದ್ದು 1889ರ ಲಂಡನ್ ಮೃಗಾಲಯ. ಅಲ್ಲಿ ಸಿಂಹದ ಮರಿಗಳು ರಿಕೆಟ್ಸ್ ಬಂದು ಸಾಯ್ತಿದ್ದವು. ತಿನ್ನೋಕೆ ಸಿಗ್ತಿದ್ದದ್ದು ಮೂಳೆಯಿಲ್ಲದ ಮಾಂಸ. ಸರ್ಜನ್ ಜಾನ್ ಬ್ಲಾಂಡ್-ಸಟ್ಟನ್ ಅದರ ಜೊತೆ ಮೂಳೆ ಪುಡಿ, ಹಾಲು, ಕಾಡ್ ಲಿವರ್ ಎಣ್ಣೆ ಕೊಡಿಸಿದರು. ಮರಿಗಳು ಚೇತರಿಸಿಕೊಂಡವು! ಎಣ್ಣೆಯೊಳಗಿನ ಆ ಅಂಶಕ್ಕೆ ವಿಟಮಿನ್ ಡಿ ಅನ್ನೋ ಹೆಸರು ಬಂದದ್ದು 1920ರ ದಶಕದಲ್ಲಿ.

ಚಿಮ್ಮಂಡೆಯದ್ದೂ ಅದೇ ಕಥೆ. ರಂಜಕ ಜಾಸ್ತಿ, ಕ್ಯಾಲ್ಸಿಯಂ ಕಮ್ಮಿ. ಬಿ.ಕಾಂ ಓದಿದವನ ಭಾಷೇಲಿ ಹೇಳೋದಾದ್ರೆ, ರಕ್ತದಲ್ಲಿ ಕ್ಯಾಲ್ಸಿಯಂ ಸರಿದೂಗಿಸೋಕೆ ಕಪ್ಪೆಯ ದೇಹ ಮೂಳೆಯ ಎಫ್‌ಡಿ ಮುರೀತಾ ಹೋಗುತ್ತೆ. ದವಡೆ ಮೆತ್ತಗಾಗೋದು ಹಾಗೆ. ಹುಳಕ್ಕೆ ಕ್ಯಾಲ್ಸಿಯಂ, ಡಿ3 ಪುಡಿ ಸವರಿ ಹಾಕೋದು ಇದಕ್ಕೇ. ಆದ್ರೆ ಡಿ3 ಅತಿಯಾದ್ರೂ ವಿಷವೇ. ಬಾಗಿದ ಮೂಳೆ ಮತ್ತೆ ನೆಟ್ಟಗಾಗುತ್ತೆ ಅನ್ನೋ ಗ್ಯಾರಂಟಿಯೂ ಇಲ್ಲ.

ನಡುಕ ಶುರುವಾದ ಮೇಲೆ ಬರೀ ಪುಡಿ ಸಾಲದು, ಪಶುವೈದ್ಯರ ಹತ್ರ ಕರ್ಕೊಂಡು ಹೋಗು ಅಂದೆ. ನಾಳೆ ಬೆಳಿಗ್ಗೆಗೆ ಅಪಾಯಿಂಟ್‌ಮೆಂಟ್ ತಗೊಂಡಿದಾನೆ.