ಕಿಲ್ಲಾರಿ ತಿದ್ದಿದ ನಕ್ಷೆ

ದಖ್ಖನ್ ಪ್ರಸ್ಥಭೂಮಿ ಅಲುಗಾಡದ ಗಟ್ಟಿ ನೆಲ ಎಂದು ನೀವು ಓದಿರಬಹುದು, ಪಾಠವನ್ನೂ ಮಾಡಿರಬಹುದು. 1993ರಲ್ಲಿ ದೇಶದ ಭೂಕಂಪ ವಲಯ ನಕ್ಷೆಯೂ ಹಾಗೆಯೇ ಹೇಳುತ್ತಿತ್ತು. ಐದು ವಲಯಗಳ ಆ ನಕ್ಷೆಯಲ್ಲಿ ಮಹಾರಾಷ್ಟ್ರದ ಲಾತೂರು ಸೀಮೆ ಇದ್ದದ್ದು ಅತಿ ಕಡಿಮೆ ಅಪಾಯದ ಒಂದನೆಯ ವಲಯದಲ್ಲಿ.

ಆ ವರ್ಷದ ಸೆಪ್ಟೆಂಬರ್ 30ರ ನಸುಕಿನಲ್ಲಿ, ನಾಲ್ಕು ಗಂಟೆಗೆ ಕೆಲವೇ ನಿಮಿಷ ಮುಂಚೆ, ಲಾತೂರು ಜಿಲ್ಲೆಯ ಕಿಲ್ಲಾರಿಯ ಬಳಿ ನೆಲ ಕಂಪಿಸಿತು. ಪರಿಮಾಣ ಸುಮಾರು 6.2. ಗಣೇಶ ವಿಸರ್ಜನೆ ಮುಗಿಸಿ ಮಲಗಿದ್ದವರ ಮೇಲೆ ಕಲ್ಲುಮಣ್ಣಿನ ದಪ್ಪ ಗೋಡೆಗಳು ಕುಸಿದವು. ಸತ್ತವರು ಸುಮಾರು ಹತ್ತು ಸಾವಿರ. ನಮ್ಮ ಬೀದರ್, ಗುಲ್ಬರ್ಗಾ ಕಡೆಯೂ ನಡುಕ ಅನುಭವಕ್ಕೆ ಬಂತು. 1992ರಲ್ಲೇ ಕಿಲ್ಲಾರಿಯ ಸುತ್ತ ಸಣ್ಣ ಕಂಪನಗಳಾಗಿದ್ದವು ಎಂಬುದನ್ನು ಇಲ್ಲಿ ನೆನೆಯಬೇಕು.

ಹಿಮಾಲಯದ ಬುಡ ಅಲ್ಲಿಂದ ಸಾವಿರ ಕಿಲೋಮೀಟರಿಗೂ ದೂರ. ಆದರೂ ಕಾರಣದ ಎಳೆ ಅಲ್ಲಿಗೇ ಹೋಗುತ್ತದೆ. ಸುಮಾರು 5 ಕೋಟಿ ವರ್ಷಗಳ ಹಿಂದೆ ಭಾರತ ಭೂಫಲಕ ಯುರೇಷ್ಯಾ ಫಲಕಕ್ಕೆ ಡಿಕ್ಕಿ ಹೊಡೆಯಿತು. ಬಸ್ಸುಗಳ ಡಿಕ್ಕಿಯ ಹಾಗೆ ಅದು ಆಗಿ ಮುಗಿದದ್ದಲ್ಲ. ವರ್ಷಕ್ಕೆ ನಾಲ್ಕೈದು ಸೆಂಟಿಮೀಟರಿನಂತೆ ಇಂದಿಗೂ ನಡೆದಿದೆ. ಹಿಂದಿನಿಂದ ಹಿಂದೂ ಮಹಾಸಾಗರದ ತಳದ ಏಣು ತಳ್ಳುತ್ತದೆ, ಮುಂದೆ ಹಿಮಾಲಯ ತಡೆಯುತ್ತದೆ. ನಡುವಿನ ಫಲಕವೆಲ್ಲ ಒತ್ತಡದಲ್ಲಿರುತ್ತದೆ. ಕಿಲ್ಲಾರಿಯಲ್ಲಿ ಬಸಾಲ್ಟ್ ಹೊದಿಕೆಯ ಅಡಿಯ ಶಿಲೆ ಈ ಒತ್ತಡಕ್ಕೆ ಸೋತಿತು; ಸ್ತರಭಂಗದ ಒಂದು ಮಗ್ಗುಲು ಇನ್ನೊಂದರ ಮೇಲೇರಿತು.

2002ರ ಪರಿಷ್ಕರಣೆಯಲ್ಲಿ ಒಂದನೆಯ ವಲಯವನ್ನೇ ಕೈಬಿಟ್ಟು ಎರಡನೆಯದಕ್ಕೆ ಸೇರಿಸಲಾಯಿತು. ಲಾತೂರು ಮೂರನೆಯ ವಲಯಕ್ಕೆ ಬಂತು. ನಿಮ್ಮ ಶಾಲೆಯ ಗೋಡೆಯ ನಕ್ಷೆಯಲ್ಲಿ ಒಂದನೆಯ ವಲಯ ಇನ್ನೂ ಕಾಣುತ್ತಿದ್ದರೆ, ಅದು 2002ಕ್ಕೂ ಹಿಂದಿನದು.